ರೊಟ್ಟಿಮೀನಿಗೆ ಮಡಕಿಕಾಳು

ನನ್ನ ತಮ್ಮ ನನಗೆ ಒಂದೇ ಒಂದು ಕೆಲಸ ಹೇಳಿ ಹೋಗಿದ್ದ. ಅದನ್ನು ನಾನು ಮಾಡಲಿಲ್ಲ. ದಿನಕ್ಕೊಮ್ಮೆ ಅವನ ಮೀನಿಗೆ ಸಿಗಡಿ ತಿನ್ನಿಸಬೇಕಿತ್ತು, ಅಷ್ಟೇ. ಜಗತ್ತಿನಲ್ಲಿ ಎಷ್ಟೋ ಜನ ಸಿಗಡಿ ಹಿಡಿಯುತ್ತಾರೆ, ಮಾರುತ್ತಾರೆ, ಹುರಿದು ತಿಂದು ಬೆರಳು ನೆಕ್ಕುತ್ತಾರೆ. ನನಗೆ ಅದನ್ನು ಚಿಮಟಿಗೆಯಲ್ಲಿ ಎತ್ತಿ ನೀರಿಗೆ ಬಿಡುವಷ್ಟೂ ಎದೆ ಗಟ್ಟಿಯಾಗಲಿಲ್ಲ. ನಾವು ಕೊರಳಲ್ಲಿ ಲಿಂಗ ಕಟ್ಟಿಕೊಂಡವರು, ನಮ್ಮ ಮನೆಯಲ್ಲಿ ತತ್ತಿಯ ಹೆಸರನ್ನೂ ಮೆಲ್ಲಗೆ ಹೇಳುತ್ತೇವೆ ಎಂದು ಕೇಳಿದವರಿಗೆ ಉತ್ತರ ಕೊಡಬಹುದಿತ್ತು. ಆದರೆ ತಮ್ಮನೂ ಅದೇ ಮನೆಯವನು, ಅವನ ಕೊರಳಲ್ಲೂ ಅದೇ ಲಿಂಗ. ಅವನು ಮಾಡುತ್ತಿದ್ದ.

ನಾವು ಹಳೇ ಬಾಗಲಕೋಟೆಯಿಂದ ಎದ್ದು ನವನಗರಕ್ಕೆ ಬಂದವರು. ಹಳೆಯ ಮನೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ. ನಾನು ಏಳನೆಯ ಇಯತ್ತೆಗೆ ಸಾಲಿ ಬಿಟ್ಟು ಹಿಟ್ಟಿನ ಗಿರಣಿ ಹಿಡಿದೆ, ತಮ್ಮ ಮಹಾಂತೇಶ ನಾಲ್ಕಕ್ಷರ ಹೆಚ್ಚು ಕಲಿತು ಮೋಟರ್ ವೈಂಡಿಂಗ್ ಅಂಗಡಿ ಹಾಕಿದ. ಇಬ್ಬರ ಮನೆಗೂ ಒಂದೇ ಗೋಡೆ. ಅವನ ಪಡಸಾಲೆಯಲ್ಲಿ ಮಂಚದಷ್ಟು ದೊಡ್ಡ ಗಾಜಿನ ಟ್ಯಾಂಕು ಬಂದ ದಿನ ಸೋಫಾ ಹೊರಗೆ ಹೋಯಿತು. ಬಂದ ನೆಂಟರು ಕಟ್ಟೆಯ ಮೇಲೆ ಕೂತರು. ಯಾಕೋ ಇದೆಲ್ಲ ಎಂದರೆ ಅವನು, "ನಮ್ಮ ಹಳೀ ಮನ್ಯಾಗ ಈಗ ಮೀನ ಅದಾವ, ಅಣ್ಣಾ. ಹೊಸಾ ಮನ್ಯಾಗೂ ಇರ್ಲಿ ಬಿಡು" ಎಂದಿದ್ದ.

ಟ್ಯಾಂಕಿನಲ್ಲಿದ್ದುದು ಸ್ಟಿಂಗ್‌ರೇ ಎಂಬ ಮೀನು. ಯಾವುದೋ ಪರದೇಶದ ಹೊಳೆಯ ಮೀನಂತೆ. ಅವ್ವ ಅದನ್ನು ನೋಡಿದವಳೇ, "ಇದೇನೋ, ರೊಟ್ಟಿ ಬಡದು ನೀರಾಗ ಒಗದಾರಲ್ಲೊ" ಎಂದಳು. ಅಂದಿನಿಂದ ಅದು ರೊಟ್ಟಿಮೀನು. ಖರೆ ಹೇಳಬೇಕೆಂದರೆ ಅದು ಚಂದದ ಪ್ರಾಣಿ. ಕಪ್ಪು ಮೈ, ಮೇಲೆ ಬಿಳಿ ಚುಕ್ಕೆ. ಇಳಕಲ್ಲಿನ ನೇಕಾರರ ಮನೆಯಿಂದ ಬಂದ ನನ್ನ ಹೆಂಡತಿ ಗಿರಿಜಾ, ಕಪ್ಪು ಚಂದ್ರಕಾಳಿ ಸೀರೆಗೆ ಬುಟ್ಟಾ ಹಾಕಿದಂತಿದೆ ಎಂದು ಗಾಜಿಗೆ ಮೂಗು ಹಚ್ಚಿ ನಿಲ್ಲುತ್ತಿದ್ದಳು. ಅದರ ಅಂಚು ಸೆರಗಿನಂತೆಯೇ ಅಲೆಅಲೆಯಾಗಿ ಆಡುತ್ತಿತ್ತು. ಬಾಲದಲ್ಲಿ ಮಾತ್ರ ವಿಷದ ಮುಳ್ಳು. ಚುಚ್ಚಿದರೆ ದವಾಖಾನೆಯೇ ಗತಿ.

ಜೊತೆಗೆ ಇನ್ನೊಂದು ಮೀನಿತ್ತು, ಸಕ್ಕರ್ ಎಂದು ಕರೆಯುತ್ತಾರೆ. ಮೈಯೆಲ್ಲ ಒರಟು ಚಿಪ್ಪು, ಹೊಟ್ಟೆಯ ಕಡೆ ಬಾಯಿ. ಗಾಜಿಗೆ ಅಂಟಿಕೊಂಡು ಪಾಚಿ ತಿನ್ನುವುದು ಅದರ ಉದ್ಯೋಗ. ಇವೆರಡನ್ನೂ ಕೂಡಿಸಿ ಇಡಬೇಡಿ, ಸಕ್ಕರ್ ಹಸಿದರೆ ರೊಟ್ಟಿಮೀನಿನ ಬೆನ್ನೇರಿ ಅದರ ಮೈಯ ಲೋಳೆಯನ್ನೇ ಕೆರೆದು ತಿನ್ನುತ್ತದೆ ಎಂದು ಮಾರಿದವನೇ ಹೇಳಿದ್ದನಂತೆ. ತಮ್ಮ ಕೇಳಲಿಲ್ಲ. "ಹೊಟ್ಟಿ ತುಂಬಿದ್ರ ಅದ್ಯಾಕ ಏರತೈತಿ?" ಎನ್ನುವುದು ಅವನ ಲೆಕ್ಕ. ಆ ಲೆಕ್ಕ ತಪ್ಪಲ್ಲ. ಆದರೆ ಅದರಲ್ಲಿ ನಾನು ಬರುತ್ತೇನೆಂದು ಅವನು ಎಣಿಸಿರಲಿಲ್ಲ.

ಅವನ ಹೆಂಡತಿ ಸವಿತಾ ಹೆರಿಗೆಗೆಂದು ಹುನಗುಂದದ ತವರಿಗೆ ಹೋಗಿದ್ದಳು. ದಿನ ಹತ್ತಿರ ಬಂತೆಂದು ಫೋನ್ ಬಂದಾಗ ತಮ್ಮ ಬ್ಯಾಗು ಹೆಗಲಿಗೆ ಹಾಕಿಕೊಂಡು, ಬಾಗಿಲಿಗೆ ಹೋಗದೆ ಟ್ಯಾಂಕಿನ ಕಡೆಗೇ ಹೋದ.

"ಅಣ್ಣಾ, ಇದೂ ಬಸರೈತಿ ನೋಡು. ಇದು ತತ್ತಿ ಇಡೂದಿಲ್ಲ, ಮರೀನ ಹಾಕತೈತಿ. ಅಂಗಡಿ ಫ್ರಿಜ್ಜಿನ್ಯಾಗ ಸಿಗಡಿ ಡಬ್ಬಿ ಐತಿ. ದಿನಾ ಒಂದು ಹಿಡಿ. ಬಸರಿ ಉಪಾಸ ಇರಬಾರದು."

"ಅವ್ವಗ ಗೊತ್ತಾದ್ರ?"

"ಅವ್ವ ಅದು ಗುಳಿಗಿ ತಿಂತೈತಿ ಅಂತ ತಿಳ್ಕೊಂಡಾಳ. ನೀ ಬಾಯಿ ಬಿಡಬ್ಯಾಡ. ಬ್ಯಾರೆ ಯಾರ ಮ್ಯಾಲೂ ನನಗ ಭರೋಸಾ ಇಲ್ಲೋ ಅಣ್ಣಾ."

ಆ ಕೊನೆಯ ಮಾತು ಅವನು ಹೇಳದಿದ್ದರೆ ಚಲೋ ಇತ್ತು.

ಮೊದಲ ದಿನ ಡಬ್ಬಿಯ ಮುಚ್ಚಳ ತೆಗೆದೆ. ಒಳಗಿನವು ಮಂಜುಗಟ್ಟಿದ್ದರೂ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದವು. ಕಾಲಿದ್ದವು, ಮೀಸೆಯೂ ಇತ್ತು. ಮುಚ್ಚಳ ಹಾಕಿ ಮನೆಗೆ ಬಂದರೆ, ಅಡುಗೆಮನೆಯಲ್ಲಿ ಗಿರಿಜಾ ಒದ್ದೆ ಅರಿವೆಯಲ್ಲಿ ಕಟ್ಟಿಟ್ಟಿದ್ದ ಮಡಕಿಕಾಳು ಮೊಳಕೆಯೊಡೆದು ಕೂತಿತ್ತು. ಬಿಳಿ ಬಾಲ, ಕಂದು ತಲೆ. ಥೇಟ್ ಸಣ್ಣ ಹುಳ. ದೇವರೇ ದಾರಿ ತೋರಿಸಿದನೆಂದುಕೊಂಡೆ. ಮನುಷ್ಯರಿಗೆ ಇಷ್ಟು ಶಕ್ತಿ ಕೊಡುವ ಕಾಳು ಮೀನಿಗೆ ಕೊಡುವುದಿಲ್ಲವೇ? ಒಂದು ಹಿಡಿ ತಂದು ಟ್ಯಾಂಕಿಗೆ ಸುರಿದೆ. ರೊಟ್ಟಿಮೀನು ಬಂತು, ಕಾಳುಗಳ ಮೇಲೆ ಮೈಹಾಸಿ ಮಲಗಿತು, ಎದ್ದು ಹೋಯಿತು. ಕಾಳು ಕೆಳಗೆ ಹಾಗೆಯೇ ಇದ್ದವು. ಆಮೇಲೆ ತಿಂದೀತು ಎಂದುಕೊಂಡು ಗಿರಣಿಗೆ ಹೋದೆ.

ಸಂಜೆ ತಮ್ಮನ ಫೋನು. "ತಿಂತೇನು?"

"ತಿಂತು" ಎಂದೆ.

ಸುಳ್ಳು ಅಷ್ಟು ಸಲೀಸಾಗಿ ಬಂತಲ್ಲ ಎಂದು ನನಗೇ ಆಶ್ಚರ್ಯ. ಒಮ್ಮೆ ಹೇಳಿದ ಮೇಲೆ ಮರುದಿನ ಸಿಗಡಿ ಹಾಕುವುದು ಇನ್ನೂ ಕಷ್ಟವಾಯಿತು, ಯಾಕೆಂದರೆ ತಿಂದ ಮೀನಿಗೆ ಹಸಿವೆಯಾಗಿದೆಯೆಂದು ಒಪ್ಪಿಕೊಳ್ಳಬೇಕಾಗುತ್ತಿತ್ತು. ದಿನಾ ಮಡಕಿಕಾಳು, ದಿನಾ "ತಿಂತು". ನಡುವೆ ಬದಲಾವಣೆ ಇರಲೆಂದು ಒಂದು ದಿನ ಹೆಸರುಕಾಳನ್ನೂ ಹಾಕಿದೆ. ನೀರು ಅಂಬಲಿಯಂತೆ ಕದಡಿತು. ರೊಟ್ಟಿಮೀನು ಮೂಲೆ ಹಿಡಿಯಿತು. ಅದರ ಅಲೆಯಾಡುವ ಅಂಚು ಸೀದ ರೊಟ್ಟಿಯಂತೆ ಮೇಲಕ್ಕೆ ಮುದುಡತೊಡಗಿತು. ಬಸುರಿ, ಆಯಾಸವಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಡಾಕ್ಟರಂತೆ ಗಾಜನ್ನು ಒಮ್ಮೆ ತಟ್ಟಿಯೂ ನೋಡಿದೆ.

ಗಿರಿಜಾ ಕೂಗಿದಾಗ ನಾನು ಗಿರಣಿಯಲ್ಲಿದ್ದೆ. ಅವಳ ದನಿ ಗಿರಣಿಯ ಸದ್ದನ್ನು ದಾಟಿ ಬಂತೆಂದರೆ ನೀವೇ ಊಹಿಸಿ. ಓಡಿಹೋಗಿ ನೋಡಿದರೆ ಸಕ್ಕರ್ ಮೀನು ರೊಟ್ಟಿಮೀನಿನ ಬೆನ್ನ ನಡುವೆ ಕೂತಿತ್ತು. ಕೆಳಗಿನದು ಮೈ ಕೊಡವುತ್ತಿತ್ತು, ಗಾಜಿಗೆ ಬಡಿದುಕೊಳ್ಳುತ್ತಿತ್ತು, ಮೇಲಿನದು ಬಿಡುತ್ತಿರಲಿಲ್ಲ. ಅದು ಜರುಗಿದ ಕಡೆಯೆಲ್ಲ ಕಪ್ಪು ಮೈ ಸುಲಿದು ಕೆಂಪಗೆ ರುಪಾಯಿಯಗಲದ ಗುರುತುಗಳು.

"ನೀವು ಅದಕ್ಕ ಏನ್ ಹಾಕೀರಿ?" ಗಿರಿಜಾ ಟ್ಯಾಂಕಿನ ತಳ ನೋಡಿದಳು, ನನ್ನನ್ನು ನೋಡಿದಳು. "ಅಯ್ಯ, ಇವು ನನ್ನ ಮಡಕಿಕಾಳಲ್ರೀ! ದಿನಾ ಪಲ್ಲೆ ಯಾಕ ಕಡಿಮಿ ಬೀಳತೈತಿ ಅಂತೀನಿ!"

ಆಗಲೇ ಕಿಸೆಯಲ್ಲಿ ಫೋನು ಹೊಡೆದುಕೊಂಡಿತು. ತಮ್ಮನದು.

"ಅಣ್ಣಾ, ಸವಿತಾನ್ನ ಒಳಗ ಕರ್ಕೊಂಡು ಹೋದ್ರೋ. ನನಗ ಕೈಕಾಲ ನಡಗಾಕತ್ತಾವ. ನಮ್ಮ ರೊಟ್ಟಿ ಹೆಂಗೈತಿ?"

ಗಿರಿಜಾ ಹೇಳ್ರಿ ಎಂದು ಕಣ್ಣಲ್ಲೇ ತಿವಿದಳು. ನಾನು ಗಾಜಿನೊಳಗೆ ನೋಡುತ್ತ, "ಆರಾಮ ಐತಿ. ನೀ ಧೈರ್ಯ ತಗೋ" ಎಂದೆ.

ನೀರಿಗೆ ಕೈ ಹಾಕಿದರೆ ಮುಳ್ಳು, ಹಾಕದಿದ್ದರೆ ಮೀನು ಹೋಯಿತು. ನನಗೆ ತಿಳಿದ ಹತಾರ ಒಂದೇ, ಗಿರಣಿಯ ಜರಡಿ. ಅದನ್ನೇ ತಂದು ಸ್ಟೂಲಿನ ಮೇಲೆ ನಿಂತು ನೀರಿಗಿಳಿಸಿದೆ. "ಅಡ್ಡ ಹಿಡೀರಿ! ಹಿಟ್ಟು ಸಾಣಿಸಿದಂಗ ಅಲ್ಲಾಡಸಬ್ಯಾಡ್ರಿ!" ಎಂದು ಗಿರಿಜಾ ಬಕೆಟ್ ಹಿಡಿದು ಕೂಗುತ್ತಿದ್ದಳು. ನಾನು ಅಲ್ಲಾಡಿಸುತ್ತಿರಲಿಲ್ಲ, ನಡುಗುತ್ತಿದ್ದೆ. ರೊಟ್ಟಿಮೀನಿನ ಬಾಲ ಬಾರುಕೋಲಿನಂತೆ ಬೀಸಿ ಜರಡಿಯ ಕಟ್ಟಿಗೆಗೆ ಟಕ್ಕೆಂದು ಬಡಿಯಿತು, ನನ್ನ ಹೆಬ್ಬೆರಳ ಪಕ್ಕದಲ್ಲೇ. ಬಿಟ್ಟು ಓಡಬೇಕೆನ್ನಿಸಿತು. ಗಿರಿಜಾ ಸ್ಟೂಲಿಗೆ ಅಡ್ಡ ನಿಂತಿದ್ದರಿಂದ ಓಡಲಿಲ್ಲ. ಕಣ್ಣುಮುಚ್ಚಿ ಜರಡಿಯ ಅಂಚನ್ನು ಎರಡು ಮೀನುಗಳ ನಡುವೆ ತೂರಿಸಿ ಎತ್ತಿದೆ. ಸಕ್ಕರ್ ಜಾಳಿಗೆಗೆ ರೆಕ್ಕೆ ಸಿಕ್ಕಿಸಿಕೊಂಡು ಮೇಲೆ ಬಂತು, ಗಿರಿಜಾಳ ಬಕೆಟ್ಟಿಗೆ ಬಿತ್ತು.

ಗದ್ದಲಕ್ಕೆ ಅವ್ವ ಬಂದು ಬಾಗಿಲಲ್ಲಿ ನಿಂತಿದ್ದಳು. ಸಿಗಡಿಯ ಗುಟ್ಟು ಇನ್ನು ಒಡೆಯಿತೆಂದು ತಡವರಿಸಿದೆ. "ಅವ್ವಾ, ಇದರ ಗುಳಿಗಿ..."

"ಸುಮ್ನಿರೋ. ಗುಳಿಗಿ ತಿಂದು ಹಿಟ್ಟು ನಾದೂ ಪರಾತದಷ್ಟು ಅಗಲ ಆಗತೈತೇನು? ನನಗ ಮೂಗಿಲ್ಲೇನು? ಅದು ತಿನ್ನೂದು ಏನು ಅಂತ ಮೊದಲನೇ ದಿನಾನ ಗೊತ್ತಾಗೇತಿ. ಲಗೂನ ತಂದು ಹಾಕು."

ಅವ್ವನ ಮಡಿಯೇ ನನ್ನ ಕೊನೆಯ ನೆಪವಾಗಿತ್ತು, ಅದೂ ಹೋಯಿತು. ಗಿರಿಜಾ ಡ್ರಮ್ಮಿನಲ್ಲಿ ಹಿಡಿದಿಟ್ಟ ನೀರಿನಿಂದ ಕೊಳೆತ ನೀರು ಬದಲಿಸುವಾಗ, ನಾನು ಲಿಂಗವನ್ನು ಅಂಗಿಯೊಳಗೆ ಸರಿಸಿ ಮೇಲಿನ ಗುಂಡಿಯನ್ನೂ ಹಾಕಿಕೊಂಡು, ಚಿಮಟಿಗೆಯಲ್ಲಿ ಸಿಗಡಿ ಹಿಡಿದು ರೊಟ್ಟಿಮೀನಿನ ಮೂತಿಯ ಮುಂದೆ ಇಟ್ಟೆ. ತಿನ್ನು ನಮ್ಮವ್ವಾ ಎಂದು ಬೇಡಿಕೊಂಡೆ. ಅದು ಮುಖ ತಿರುಗಿಸಿತು. ಕೈ ಸೋತರೂ ಹಿಡಿದೇ ನಿಂತಿದ್ದೆ. ಸಂಜೆಯ ಹೊತ್ತಿಗೆ ಒಂದನ್ನು ಬಾಯಿಗೆ ತೆಗೆದುಕೊಂಡಿತು. ನನಗೆ ಅಳು ಬಂತು.

ಮರುದಿನ ಬೆಳಿಗ್ಗೆ ಅದು ಮರಿ ಹಾಕಿತ್ತು. ದಿನ ತುಂಬುವ ಮೊದಲೇ ಇರಬೇಕು. ಎರಡು ಮರಿ, ಪೂರಿಯಷ್ಟಗಲ. ಒಂದು ಗಾಜಿಗೆ ಹತ್ತಿ ತೇಲಾಡುತ್ತಿತ್ತು. ಇನ್ನೊಂದು ಹೊಟ್ಟೆ ಮೇಲಾಗಿ ಬಿದ್ದಿತ್ತು. ಅದನ್ನು ಚಿಮಟಿಗೆಯಿಂದ ತೆಗೆಯಲು ಮನಸ್ಸಾಗದೆ ಬರಿಗೈಯಲ್ಲೇ ತೆಗೆದೆ.

ಮಧ್ಯಾಹ್ನ ತಮ್ಮ ಬಂದ, ಕೈಯಲ್ಲಿ ಪೇಢೆಯ ಪುಡಿಕೆ. ಹೆಣ್ಣು ಕೂಸು, ತಾಯಿ ಮಗಳು ಆರಾಮ. ಪೇಢೆಯನ್ನು ನನ್ನ ಬಾಯಿಗಿಟ್ಟು ನಗುತ್ತಲೇ ಟ್ಯಾಂಕಿನ ಕಡೆ ತಿರುಗಿದ. ರೊಟ್ಟಿಮೀನಿನ ಸುಲಿದ ಬೆನ್ನನ್ನೂ ಬಟ್ಟಲಲ್ಲಿ ಮುಚ್ಚಿಟ್ಟ ಮರಿಯನ್ನೂ ಬಹಳ ಹೊತ್ತು ನೋಡಿದ. ನನ್ನ ಹತ್ತಿರ ಸುಳ್ಳು ತಯಾರಿತ್ತು. ಬೆಳಿಗ್ಗೆಯಿಂದ ಅದನ್ನು ಬೀಸಿ ನುಣ್ಣಗೆ ಮಾಡಿಟ್ಟಿದ್ದೆ. ಅಷ್ಟರಲ್ಲಿ ಅವನು ನನ್ನ ಹೆಗಲ ಮೇಲೆ ಕೈಯಿಟ್ಟ.

"ನಂದ ತಪ್ಪು ಅಣ್ಣಾ. ಮಾರಿದಾವ ಹೇಳಿದ್ದ, ನಾ ಕೇಳಲಿಲ್ಲ. ನೀ ದಿನಾ ತಿನ್ನಿಸಿದ್ರೂ ಆ ಹಲ್ಕಟ್ ಸಕ್ಕರ್ ಏರೇತಿ ನೋಡು. ಸುಮ್ನ ನಿನಗ ತ್ರಾಸ ಕೊಟ್ಟೆ."

ಗಿರಿಜಾ ಒಳಗೆ ಹೋಗದೆ ಬಾಗಿಲಲ್ಲೇ ನಿಂತು ನನ್ನನ್ನೇ ನೋಡಿದಳು. ಬಾಯಲ್ಲಿದ್ದ ಪೇಢೆಯನ್ನು ತೆಗೆದು ಅಂಗೈಯಲ್ಲಿ ಹಿಡಿದುಕೊಂಡೆ. ದೊಡ್ಡವನು ಸಣ್ಣವನ ಮುಂದೆ ತಪ್ಪೊಪ್ಪಿಕೊಳ್ಳುವ ರೂಢಿ ನಮ್ಮ ಮನೆಯಲ್ಲಿ ಇಲ್ಲ. ಅದಕ್ಕೆ ಎಂಥ ದನಿ ಬೇಕೆಂಬುದೂ ನನಗೆ ತಿಳಿಯದು. ಗಿರಣಿಯ ಸದ್ದಿನಲ್ಲಿ ಕೂಗಿ ಕೂಗಿ ಮೆತ್ತಗೆ ಮಾತಾಡುವುದನ್ನೇ ಮರೆತವನು ನಾನು. ಹೀಗಾಗಿ ಕಿವಿಯಲ್ಲಿ ಹೇಳಬೇಕಾದದ್ದನ್ನು ಓಣಿಗೆಲ್ಲ ಕೇಳುವ ಹಾಗೆ ಹೇಳಿದೆ:

"ನಿಂದಲ್ಲೋ ತಮ್ಮಾ! ನಿನ್ನಿ ತನಕ ಒಂದು ದಿನಾನೂ ನಾ ಸಿಗಡಿ ಹಾಕಿರಲಿಲ್ಲ. ಮುಟ್ಟಾಕ ಹೇಸಿಕಿ ಬಂತು, ಮಡಕಿಕಾಳು ಹಾಕಿದೆ. ಹೇಳಾಕ ನಾಚಿಕಿ ಬಂತು, ತಿಂತು ಅಂದೆ. ಆ ಮರಿ ಹೋದದ್ದು ನನ್ನಿಂದ. ತಪ್ಪಾತೋ, ಮಾಫ್ ಮಾಡು."