ವಕೀಲರ ಮನೆಯ ಜಮಾದಾರ

ಹಾನಗಲ್ಲಿನ ಗುತ್ತೆಪ್ಪನ ಹಿತ್ತಲಿನಿಂದ ಒಂದು ತಾಮ್ರದ ಹಂಡೆ ಕಳುವಾಯಿತು. ಹಂಡೆ ಗುತ್ತೆಪ್ಪನದು. ಆದರೆ ನಿದ್ದೆಗೆಟ್ಟವರು ಪಕ್ಕದ ಮನೆಯ ಮಧ್ವೇಶರಾಯ ವಕೀಲರು.

ರಾಯರಿಗೆ ಯಾವ ವಿಷಯದಲ್ಲೂ ಸಂಶಯವೆಂಬುದೇ ಇರಲಿಲ್ಲ. ಹದಿನೆಂಟು ವರ್ಷದ ವಕೀಲಿಯಲ್ಲಿ ಸೋತ ಕೇಸುಗಳೆಲ್ಲ ನ್ಯಾಯಾಧೀಶರ ತಪ್ಪಿನಿಂದಲೇ ಸೋತದ್ದು ಎಂದು ಅವರ ದೃಢವಾದ ನಂಬಿಕೆ. ಹಂಡೆ ಹೋದ ಮೂರನೆಯ ದಿನ ಅವರು ಓಣಿಯವರನ್ನೆಲ್ಲ ತಮ್ಮ ಕಟ್ಟೆಯ ಮುಂದೆ ನಿಲ್ಲಿಸಿಕೊಂಡು ವಾದ ಮಂಡಿಸಿದರು.

"ಬೀದಿ ನಾಯಿ ಬೊಗಳತದ, ಆದರ ಯಾಕ ಬೊಗಳತದ ಅಂತ ಅದಕ್ಕs ಗೊತ್ತಿರೂದಿಲ್ಲ. ಇನ್ನ ಮ್ಯಾಲೆ ಸಾದಾ ಸಂಸಾರಸ್ಥರಿಗೂ ತಾಲೀಮು ಆದ ನಾಯಿ ಬೇಕು. ಮನೀ ಅಂದ ಮ್ಯಾಲೆ ಬಾಗಲಾ ಹೆಂಗೋ, ನಾಯೀನೂ ಹಂಗ."

ಗುತ್ತೆಪ್ಪನ ಹೆಂಡತಿ ಸುಶೀಲವ್ವ ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದಳು: "ಅಲ್ರೀ ವಕೀಲರ, ನಿಮ್ಮ ಮನ್ಯಾಗ ಕಳ್ಳ ಬಂದ್ರ ಒಯ್ಯಾಕ ಏನೈತ್ರಿ? ಹಳೇ ಕೇಸಿನ ಕಾಗದ ಒಯ್ದ್ರ ಅವಂಗs ತ್ರಾಸು."

ರಾಯರು ಅದಕ್ಕೆ ಉತ್ತರ ಕೊಡಲಿಲ್ಲ. ಉತ್ತರ ಕೊಡದಿರುವುದೂ ಒಂದು ವಾದವೇ ಎಂದು ಅವರು ಬಲ್ಲವರು. ಮರುದಿನವೇ ಸವಣೂರಿಗೆ ಹೋಗಿ ಸಿರಾಜುದ್ದೀನನನ್ನು ಕಂಡರು. ಇಪ್ಪತ್ತು ವರ್ಷ ಬೆಳಗಾವಿಯ ದಂಡಿನಲ್ಲಿ ಗೋರಾ ಸಾಹೇಬರ ನಾಯಿಗಳನ್ನು ಪಳಗಿಸಿ ಬಂದ ಮನುಷ್ಯ ಅವನು. ಅವನ ಬಳಿ ಜಮಾದಾರ ಎಂಬ ಹೆಸರಿನ, ಕರಿ ಮೋರೆಯ, ಸೆಟೆದ ಕಿವಿಯ ನಾಯಿಯೊಂದಿತ್ತು. ಡಿಸೆಂಬರ್ ಆರನೆಯ ತಾರೀಖು ಸೋಮವಾರ ಮುಂಜಾನೆ ತಂದು ಬಿಡಬೇಕೆಂದು ಮಾತಾಯಿತು.

ಕೆಟ್ಟದ್ದು ಇಲ್ಲಿಯೇ. ಕೋರ್ಟಿನವರಾದ ರಾಯರಿಗೆ ಲೋಕವೆಲ್ಲ ತಾರೀಖಿನ ಮೇಲೆ ನಡೆಯುತ್ತಿತ್ತು. ಅವರ ಮನೆ ನಡೆಯುತ್ತಿದ್ದುದು ಮಾತ್ರ ತಿಥಿಯ ಮೇಲೆ. ಆ ಆರನೆಯ ತಾರೀಖು ಮಾರ್ಗಶಿರ ಶುದ್ಧ ಚೌತಿ. ತಂದೆ ವಾದಿರಾಜಾಚಾರ್ಯರು ತೀರಿಕೊಂಡು ಅಂದಿಗೆ ವರ್ಷ. ಮೊದಲ ಶ್ರಾದ್ಧ. ತಂದೆ ಕಣ್ಣು ಮುಚ್ಚಿದ ಹೊತ್ತಿನಲ್ಲಿ ರಾಯರು ಧಾರವಾಡದಲ್ಲಿ ಯಾರದೋ ಬದುವಿನ ಕೇಸು ನಡೆಸುತ್ತಿದ್ದರು. ಬಾಯಿಗೆ ನೀರು ಬಿಡಲೂ ಆಗಿರಲಿಲ್ಲ. ಆ ನೋವು ಅವರನ್ನು ಒಳಗೊಳಗೇ ಕೊರೆಯುತ್ತಿತ್ತು. ಈ ಶ್ರಾದ್ಧವನ್ನಾದರೂ ಎಳ್ಳಷ್ಟು ಲೋಪವಿಲ್ಲದೆ ಮಾಡಿ ತಂದೆಯನ್ನು ತೃಪ್ತಿಪಡಿಸಬೇಕೆಂದು ಪಣ ತೊಟ್ಟಿದ್ದರು. ಹೀಗೆ ಶ್ರಾದ್ಧವನ್ನೂ ನಾಯಿಯನ್ನೂ ಒಂದೇ ದಿನಕ್ಕೆ ಕರೆದದ್ದು, ನಾಯಿ ಅಂಗಳಕ್ಕೆ ಬಂದು ನಿಂತಾಗಲೇ ಅವರಿಗೆ ಹೊಳೆದದ್ದು.

"ಇವತ್ತು ಮನೀ ತುಂಬ ಮಡಿ ಅದ, ಮಾರಾಯಾ!" ಎಂದರು ರಾಯರು ನಾಲ್ಕು ಮಾರು ದೂರ ನಿಂತು.

"ಒಂದು ಘಳಿಗಿ ಕೆಲಸರೀ ಸಾಹೇಬ್ರ," ಎಂದ ಸಿರಾಜುದ್ದೀನ. "ಮನೀ ಮಂದಿ ಒಬ್ಬೊಬ್ಬರ ಕೈಲಿಂದ ಇದಕ್ಕ ಒಂದು ತುತ್ತು ತಿನಸ್ರಿ. ಒಮ್ಮಿ ಯಾರ ಕೈ ತುತ್ತು ತಿಂತೈತಿ, ಅವರು ಸಾಯೋತನಕ ಮನಿಯವರು. ತುತ್ತು ಹಾಕದಾವ ಹೊರಗಿನಾವ. ಇಷ್ಟs ಇದರ ಕಾಯ್ದೆ."

ಅಡಿಗೆಮನೆಯಿಂದ ರಾಯರ ತಾಯಿ ಗೋಪಿಕಾಬಾಯಿಯ ದನಿ ಕೇಳಿಸಿತು: "ಏ ಮಧ್ವೇಶಾ! ಶ್ರಾದ್ಧದ ದಿನ ನಾಯೀ ಮಾರಿ ನೋಡಬಾರದು. ಅದಕ್ಕ ತುತ್ತು ಬ್ಯಾರೆ ತಿನಸಬೇಕೇನು? ನಾನಂತೂ ಮುಟ್ಟೂದಿಲ್ಲ, ನಿನ್ನ ಹೆಂಡತೀನೂ ಮುಟ್ಟೂದಿಲ್ಲ."

"ಇರ್ಲಿ ಬಿಡಪಾ," ಎಂದರು ರಾಯರು ಸಿರಾಜುದ್ದೀನನಿಗೆ. "ಕಲಿತ ನಾಯಿ ಅದ. ಮಾಲಕ ಯಾರು ಅಂತ ನನ್ನ ಗತ್ತು ನೋಡಿದರs ಅದಕ್ಕ ತಿಳೀತದ. ತುತ್ತು ನಾಳೆ ಹಾಕಿದರಾತು."

ಅಷ್ಟರಲ್ಲಿ ಜಮಾದಾರ ಮುಂದೆ ಬಂದು ಅವರ ಮಡಿಧೋತರವನ್ನು ಒಮ್ಮೆ ಮೂಸಿತು. ಮಡಿ ಕೆಟ್ಟಿತು. ರಾಯರು ರಾಮ ರಾಮ ಎನ್ನುತ್ತ ಅಂಗಳದ ಬಾವಿಗೆ ಓಡಿ ಕೊಡದ ಮೇಲೆ ಕೊಡ ಸುರಿದುಕೊಂಡರು. ಸಿರಾಜುದ್ದೀನ ಹಿರೇಕೆರೂರಿನ ಮೋಟಾರು ಹಿಡಿಯುವ ಅವಸರದಲ್ಲಿದ್ದ. ನಾಯಿಯನ್ನು ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕೂಡಿಸಿ, "ಪಹರಾ!" ಎಂದು ಹೇಳಿ, ಸಂಜೆಯ ಮೋಟಾರಿಗೆ ಬರುತ್ತೇನೆಂದು ಹೊರಟುಹೋದ.

ರಾಯರು ಒದ್ದೆ ಧೋತರದಲ್ಲಿ ನಡುಗುತ್ತ ಬಂದು ಹೊಸ್ತಿಲಿಗೆ ಕಾಲಿಡಬೇಕು, ಜಮಾದಾರ ಎದ್ದು ನಿಂತು ಗುರ್ ಎಂದಿತು. ಹಲ್ಲು ಎಷ್ಟಿವೆಯೆಂದು ತೋರಿಸಿತು.

"ಏ, ನಾನು ಮಾಲಕ!" ಎಂದರು ರಾಯರು. ಈ ವಾದವನ್ನು ಜಮಾದಾರ ಒಪ್ಪಲಿಲ್ಲ. ಸುತ್ತು ಹಾಕಿ ಹಿತ್ತಲ ಬಾಗಿಲಿಗೆ ಹೋದರು. ಅವರಿಗಿಂತ ಮುಂಚೆ ಆ ಕರಿ ಮೋರೆ ಅಲ್ಲಿ ಹಾಜರಿತ್ತು. ಮತ್ತೆ ಮುಂದಿನ ಬಾಗಿಲಿಗೆ ಬಂದರೆ ಅದು ಕಟ್ಟೆಯ ಮೇಲೆ ಕುಳಿತು ಕಾಯುತ್ತಿತ್ತು. ಮೂರು ಸುತ್ತು ಆದಮೇಲೆ ಗೋಡೆಯಾಚೆಯಿಂದ ಸುಶೀಲವ್ವ, "ಪ್ರದಕ್ಷಿಣಿ ಎಷ್ಟು ಅದಾವ್ರೀ ವಕೀಲರ?" ಎಂದು ಕೇಳಿದಳು.

"ನಾಯಿ ಎಷ್ಟು ಹುಷಾರದ ನೋಡು," ಎಂದರು ರಾಯರು ಹಲ್ಲು ಕಟಕಟಿಸುತ್ತ. "ನನ್ನನ್ನs ಬಿಡವಲ್ದು ಅಂದಮ್ಯಾಲೆ ಕಳ್ಳನ್ನ ಬಿಟ್ಟೀತೇನು?"

ಹನ್ನೆರಡರ ಹೊತ್ತಿಗೆ ಪುರೋಹಿತ ಜಯತೀರ್ಥಾಚಾರ್ಯರು ಇಬ್ಬರು ಬ್ರಾಹ್ಮಣರನ್ನು ಕರೆದುಕೊಂಡು ಬಂದರು. ನಾಯಿ ಮೂವರನ್ನೂ ಅಂಗಳದಲ್ಲೇ ತಡೆಯಿತು. ಒಳಗೆ ಅಡಿಗೆ, ಹೊರಗೆ ಉಣ್ಣುವವರು, ನಡುವೆ ಜಮಾದಾರ. ಹೊತ್ತು ಇಳಿಯುವುದರೊಳಗೆ ಪಿಂಡಪ್ರದಾನವಾಗದಿದ್ದರೆ ವರ್ಷದ ಶ್ರಾದ್ಧ ತಪ್ಪಿದಂತೆಯೇ ಎಂದು ಆಚಾರ್ಯರು ಬಿಸಿಲು ನೋಡಿ ಹೇಳಿದರು. ಹೋದ ವರ್ಷ ನೀರು ತಪ್ಪಿಸಿದ ಮಗ, ಈ ವರ್ಷ ಪಿಂಡವನ್ನೂ ತಪ್ಪಿಸಿದ ಎಂದು ತಂದೆ ಮೇಲೆ ಕುಳಿತು ಅಂದುಕೊಳ್ಳಲಾರರೆ?

ಆದರೂ ಅವರು ಕೈಕಟ್ಟಿ ಕೂಡುವ ಪೈಕಿಯಲ್ಲ. ಬಾವಿಯ ಪಕ್ಕದಲ್ಲಿ ನೆಲ ಸಾರಿಸಿದರು. ನಾಯಿಯ ದೃಷ್ಟಿ ಬೀಳದಂತೆ ಆಚಾರ್ಯರ ಶಾಲು, ಬ್ರಾಹ್ಮಣರ ಪಂಚೆ ಎಲ್ಲ ಸೇರಿಸಿ ಪಡದೆ ಕಟ್ಟಿದರು. ಅಡಿಗೆಮನೆಯ ಕಿಡಿಕಿ ಬಾವಿಯ ಕಡೆಗೇ ಇತ್ತು. ಹೆಂಡತಿ ವಿಮಲಾಬಾಯಿ ಅದರ ಸರಳುಗಳ ಸಂದಿಯಿಂದ ವಡೆಗಳನ್ನು ಒಂದೊಂದಾಗಿ, ಪಾಯಸವನ್ನು ವಾಟಗದಲ್ಲಿ, ಅನ್ನವನ್ನು ಮುಷ್ಟಿ ಮುಷ್ಟಿಯಾಗಿ ಹೊರಗೆ ದಾಟಿಸಿದರು. ಮಂತ್ರವಾಯಿತು, ಪಿಂಡವಾಯಿತು. ರಾಯರು ಹೆಮ್ಮೆಯಿಂದ ಮೀಸೆಯ ಮೇಲೆ ಕೈಯಾಡಿಸಹೋಗಿ, ಕೈಯಲ್ಲಿ ದರ್ಭೆಯಿದ್ದುದರಿಂದ ಬಿಟ್ಟರು.

ಇನ್ನು ಉಳಿದದ್ದು ಕಾಗೆ. ಕಾಗೆಗೆಂದು ಇಟ್ಟ ಅನ್ನದ ಉಂಡೆಯನ್ನು ಕಾಗೆ ಬಂದು ಮುಟ್ಟಿದ ಮೇಲೆಯೇ ಎಲೆ ಹಾಕುವುದು ಆ ಮನೆತನದ ಪದ್ಧತಿ. ರಾಯರು ಉಂಡೆಯನ್ನು ಕಂಪೌಂಡಿನ ಮೋಟು ಗೋಡೆಯ ಮೇಲಿಟ್ಟರು. ಬೇವಿನ ಮರದಲ್ಲಿದ್ದ ಕಾಗೆಯೊಂದು ಇಳಿಯಲು ರೆಕ್ಕೆ ಬಿಚ್ಚಿತು. ಜಮಾದಾರನ ಕಾಯ್ದೆಯ ಪ್ರಕಾರ ಕಾಗೆಯೂ ಹೊರಗಿನದೇ. ಅದು ಬೊಗಳಿದ ಅಬ್ಬರಕ್ಕೆ ಬೇವಿನ ಮರವೇ ಖಾಲಿಯಾಯಿತು.

ಅರ್ಧ ತಾಸಾಯಿತು, ಒಂದು ಕಾಗೆಯೂ ಬರಲಿಲ್ಲ. ಗೋಡೆಯ ಆಚೆ ಓಣಿಯವರೆಲ್ಲ ನೆರೆದರು.

"ಹಿರ್ಯಾರ ಮನಸ್ನ್ಯಾಗ ಏನೋ ಆಸೆ ಉಳದೈತ್ರಿ," ಎಂದಳು ಸುಶೀಲವ್ವ. "ಅದನ್ನ ನಡಸ್ತೇನಿ ಅಂತ ಮಾತು ಕೊಟ್ರ ಕಾಗಿ ಮುಟ್ತೈತಿ. ನಮ್ಮ ಚಕ್ಕಡಿಗೆ ನಿಮ್ಮ ಹಿತ್ತಲದಾಗ ದಾರಿ ಬಿಡಬೇಕಂತ ಅವರಿಗೆ ಭಾಳ ಇತ್ರಿ."

ಅದೇ ದಾರಿಯ ಸಲುವಾಗಿ ವಾದಿರಾಜಾಚಾರ್ಯರೂ ಗುತ್ತೆಪ್ಪನೂ ಹತ್ತು ವರ್ಷ ಮಾತು ಬಿಟ್ಟಿದ್ದು ಊರಿಗೇ ಗೊತ್ತಿತ್ತು. ಆದರೆ ತಂದೆಯ ತೃಪ್ತಿಯ ಮುಂದೆ ಚಕ್ಕಡಿಯ ದಾರಿ ಎಷ್ಟರದು? "ಬಿಡ್ತೇನಿ!" ಎಂದರು ರಾಯರು. ಕಾಗೆ ಬರಲಿಲ್ಲ.

"ದ್ವಾದಶಿಗೊಮ್ಮೆ ಪುರೋಹಿತರನ್ನ ಪಾರಣಿಗೆ ಕರೀಬೇಕು ಅಂತ ನನ್ನ ಮುಂದ ಅಂದಿದ್ದರು," ಎಂದು ಜಯತೀರ್ಥಾಚಾರ್ಯರು ಆಕಾಶ ನೋಡುತ್ತ ನೆನಪಿಸಿಕೊಂಡರು. "ಕರೀತೇನಿ!" ಕಾಗೆ ಬರಲಿಲ್ಲ.

"ಆ ಕ್ರಾಪು ತಗಿಸಿ ಉದ್ದ ಜುಟ್ಟ ಬಿಡು ಅಂತ ಕೊನೀತನಾ ಬಡಕೊಂಡರು!" ಎಂದು ಕಿಡಿಕಿಯಿಂದ ತಾಯಿ ಕೂಗಿದರು. ರಾಯರು ಒಂದು ಕ್ಷಣ ತಲೆ ಮುಟ್ಟಿ ನೋಡಿಕೊಂಡು, "ಅದೂ ಆಗ್ಲಿ!" ಎಂದರು.

ಆಗ ಜಮಾದಾರ ಕಟ್ಟೆಯಿಂದ ಇಳಿಯಿತು. ಸವಣೂರು ಬಿಟ್ಟಾಗಿನಿಂದ ಅದರ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಗಂಭೀರವಾಗಿ ಅಂಗಳ ದಾಟಿ, ಮೋಟು ಗೋಡೆಯ ಮೇಲೆ ಮುಂಗಾಲಿಟ್ಟು, ಕಾಗೆಯ ಉಂಡೆಯನ್ನು ಎರಡು ಗುಟುಕಿಗೆ ಮುಗಿಸಿ, ಹೋಗಿ ಮತ್ತೆ ಕಟ್ಟೆಯ ಮೇಲೆ ಕುಳಿತು ಮೂತಿ ನೆಕ್ಕಿಕೊಂಡಿತು.

ಎಲ್ಲ ಮುಗಿಯಿತೆಂದು ರಾಯರು ಬಾವಿಯ ದಂಡೆಯ ಮೇಲೆ ಕುಸಿದರು. ಅಷ್ಟರಲ್ಲಿ ಕಿಡಿಕಿಯಲ್ಲಿ ಬಿಕ್ಕಿದ ಸಪ್ಪಳ ಕೇಳಿಸಿತು.

"ಕಾಗಿ ಎಲ್ಲೀದೋ ಮಧ್ವೇಶಾ! ಅವರs ಬಂದಾರ," ಎಂದರು ಗೋಪಿಕಾಬಾಯಿ. "ನೋಡು ಎಲ್ಲಿ ಕೂತಾರ. ಅದs ಕಟ್ಟಿ, ಅದs ಜಾಗಾ. ಬಂದವರನ್ನೆಲ್ಲಾ ಯಾರು, ಯಾಕ ಬಂದೀ ಅಂತ ಕೇಳದs ಒಂದಿನಾ ಒಳಗ ಬಿಟ್ಟಾರೇನು? ಹಸಿವಿ ಆತಂದರ ಒಂದು ಘಳಿಗಿ ತಡೀತಿರಲಿಲ್ಲ. ನಿನ್ನ ಮ್ಯಾಲಂತೂ ಹಗಲೆಲ್ಲಾ ಹಿಂಗs ಗುರ್ ಅಂತಿದ್ದರು."

ಆ ಮಾತಿಗೆ ರಾಯರ ಕಣ್ಣಲ್ಲೂ ನೀರು ಬಂತು. ಹೌದು, ತಂದೆ ಹಾಗೆಯೇ ಗುರ್ ಎನ್ನುತ್ತಿದ್ದರು. ಜಯತೀರ್ಥಾಚಾರ್ಯರು ಒಮ್ಮೆ ಇಳಿಯುತ್ತಿದ್ದ ಬಿಸಿಲನ್ನೂ ಒಮ್ಮೆ ಆರುತ್ತಿದ್ದ ವಡೆಗಳನ್ನೂ ನೋಡಿ, "ಯಮನ ನಾಯಿಗಳಿಗೂ ಬಲಿ ಹೇಳ್ಯಾರ. ಶಾಸ್ತ್ರಕ್ಕ ಅಡ್ಡಿ ಇಲ್ಲ, ಎಲಿ ಹಾಕ್ರಿ," ಎಂದು ತೀರ್ಪು ಕೊಟ್ಟರು.

ಅಲ್ಲಿಂದ ಮುಂದೆ ನಡೆದದ್ದು ಹಬ್ಬ. ಗೋಪಿಕಾಬಾಯಿ ಹೊರಗೆ ಬಂದು, ಸೆರಗು ಹೊದ್ದುಕೊಂಡು, ತಮ್ಮ ಕೈಯಿಂದ ಹಿರಿಯರಿಗೆ ಎರಡು ವಡೆ ತಿನ್ನಿಸಿದರು. ವಿಮಲಾಬಾಯಿ ಮಾವನವರಿಗೆ ಪಾಯಸದ ಅನ್ನ ಉಣ್ಣಿಸಿದರು. ಸುಶೀಲವ್ವ ತನ್ನ ಮನೆಯಿಂದ ಹೋಳಿಗೆ ತಂದಳು. ಗುತ್ತೆಪ್ಪ ಹತ್ತು ವರ್ಷದ ಮುನಿಸು ಮರೆತು ಬೆಲ್ಲ ಕೊಟ್ಟ. ಸುದ್ದಿ ಕೇಳಿದವರೆಲ್ಲ, ಗುರುತಿದ್ದವರು ಇಲ್ಲದವರು, ಆಡೂರಿನ ದಾರಿ ಹಿಡಿದು ಹೊರಟಿದ್ದ ಪರಸ್ಥಳದವರು ಕೂಡ, ಸಾಲುಗಟ್ಟಿ ಒಂದೊಂದು ತುತ್ತು ಹಾಕಿ ಕೈಮುಗಿದು ಹೋದರು. ಜಮಾದಾರ ಒಬ್ಬರನ್ನೂ ಬೇಡವೆನ್ನಲಿಲ್ಲ. ತುತ್ತು ಹಾಕದೆ ಉಳಿದವರು ರಾಯರೊಬ್ಬರೇ. ಶ್ರಾದ್ಧ ಮಾಡಿದ ಕರ್ತೃ ಅವರು. ಮರುದಿನ ಮುಂಜಾನೆಯವರೆಗೆ ಮಡಿ ಕೆಡಿಸಿಕೊಳ್ಳುವ ಹಾಗಿರಲಿಲ್ಲ.

ಸಂಜೆ ಸಿರಾಜುದ್ದೀನ ಬಂದ. ಮನೆಯೊಳಗೆ ಓಣಿಯ ಮಂದಿ ಸಲೀಸಾಗಿ ಹೋಗಿ ಬರುತ್ತಿರುವುದನ್ನೂ, ಜಮಾದಾರ ಎಲ್ಲರಿಗೂ ಬಾಲವಾಡಿಸುತ್ತಿರುವುದನ್ನೂ, ರಾಯರು ಅಂಗಳದಲ್ಲಿ ಒದ್ದೆ ಧೋತರದಲ್ಲೇ ನಿಂತಿರುವುದನ್ನೂ ನೋಡಿ ಹಣೆ ಬಡಿದುಕೊಂಡ.

"ಊರ ಮಂದೀನ್ನೆಲ್ಲಾ ಮನಿಯವರನ್ನ ಮಾಡಿಟ್ಟೀರಲ್ಲರೀ! ಈಗ ಇದಕ್ಕ ಗುರುತಿಲ್ಲದಾವ ಅಂದ್ರ ನೀವೊಬ್ಬರs. ಅದೂ ಒಂದು ದಿನಾ ಪೂರ್ತಿ ಗುರುಗುಟ್ಟೇತಿ. ಇನ್ನ ತುತ್ತು ಹಾಕಿದ್ರೂ ನಂಬಾಕ ಮೂರು ತಿಂಗಳು ಬೇಕು. ಕೊಡ್ರಿ, ನಾ ವಾಪಸ ಒಯ್ತೇನಿ."

"ಯಾರನ್ನ ಒಯ್ತಿ?" ಎಂದು ಗೋಪಿಕಾಬಾಯಿ ಹೊಸ್ತಿಲಲ್ಲಿ ನಿಂತು ಕೇಳಿದ ಧಾಟಿಗೆ ಸಿರಾಜುದ್ದೀನ ನಾಯಿಯನ್ನು ಅಲ್ಲೇ ಬಿಟ್ಟು ಸವಣೂರಿನ ಮೋಟಾರು ಹತ್ತಿದ.

ದೀಪ ಹಚ್ಚುವ ಹೊತ್ತು. ರಾಯರು ಬಾವಿಯ ದಂಡೆಯ ಮೇಲೆ ಕುಳಿತು, ಮೂರು ತಿಂಗಳೆಂದರೆ ಕೋರ್ಟಿನ ಒಂದು ವಾಯಿದೆಯ ಲೆಕ್ಕ, ಅಷ್ಟರಲ್ಲಿ ಎಲ್ಲ ಸರಿಹೋಗುತ್ತದೆಂದು ತಮಗೆ ತಾವೇ ಧೈರ್ಯ ಹೇಳಿಕೊಳ್ಳುತ್ತಿದ್ದರು. ಆಗ ಒಳಗಿನಿಂದ ಒಬ್ಬ ಮನುಷ್ಯ ಹೊರಬಂದ. ಮಧ್ಯಾಹ್ನ ಸಾಲಿನಲ್ಲಿ ನಿಂತು ಎಲ್ಲರಿಗಿಂತ ದೊಡ್ಡ ತುತ್ತು ಹಾಕಿದ್ದ ಪರಸ್ಥಳದವನು. ಹೆಗಲ ಮೇಲೆ ರಾಯರ ಮನೆಯ ಪಂಚಪಾತ್ರೆ, ತಟ್ಟೆ, ಬೆಳ್ಳಿಯ ಲೋಟಗಳ ಗಂಟು. ಜಮಾದಾರ ಎದ್ದು, ಬಾಲವಾಡಿಸುತ್ತ, ಅವನನ್ನು ಕಂಪೌಂಡಿನ ಬಾಗಿಲವರೆಗೆ ಮರ್ಯಾದೆಯಿಂದ ಕಳಿಸಿಬಂತು.

"ಕಳ್ಳ! ಕಳ್ಳ!" ಎಂದು ರಾಯರು ಎದ್ದು ಓಡಿದರು. ಎರಡು ಹೆಜ್ಜೆ ಹಾಕುವುದರಲ್ಲಿ ಜಮಾದಾರ ಹಾರಿ ಅವರ ಧೋತರವನ್ನು ಹಿಂದಿನಿಂದ ಗಟ್ಟಿಯಾಗಿ ಕಚ್ಚಿ ಹಿಡಿಯಿತು. ಗಂಟಿನವನು ಒಮ್ಮೆ ತಿರುಗಿ ನೋಡಿ, ಕೈಮುಗಿದು, ಕತ್ತಲಲ್ಲಿ ಕರಗಿಹೋದ.

ಓಣಿಯೆಲ್ಲ ಕಂದೀಲು ಹಿಡಿದು ಓಡಿಬಂತು. ಅವರು ಕಂಡದ್ದು ನಾಯಿ ಹಿಡಿದ ರಾಯರನ್ನು, ಅಷ್ಟೇ.

"ಅವ್ವಾ, ಕಳ್ಳ ಆ ಕಡೆ ಹೋದ! ಇದಕ್ಕ ಬಿಡು ಅಂತ ಹೇಳು!" ಎಂದು ರಾಯರು ಅಂಗಲಾಚಿದರು.

ಗೋಪಿಕಾಬಾಯಿ ಹೊಸ್ತಿಲು ದಾಟಿ ಬಂದು ಮಗನನ್ನು ಮೇಲಿಂದ ಕೆಳಗೆ ನೋಡಿದರು. "ಇದಕ್ಕ ಅನಬ್ಯಾಡ, ಅವರಿಗೆ ಅನ್ನು. ಸುಮ್ಮ ಸುಮ್ಮನ ಹಿಡಿಯೋರಲ್ಲ ಅವರು, ನೀನs ಏನೋ ಮಾಡಿರಬೇಕು. ಮೊದಲ ತಪ್ಪಾತು ಅನ್ನು."

ಹದಿನೆಂಟು ವರ್ಷ ಯಾವ ಕೋರ್ಟಿನಲ್ಲೂ ತಪ್ಪೊಪ್ಪಿಕೊಳ್ಳದ ಮಧ್ವೇಶರಾಯ ವಕೀಲರು, ಒಂದು ಕೈಯಲ್ಲಿ ಧೋತರ ಹಿಡಿದುಕೊಂಡು, ಇನ್ನೊಂದು ಕೈ ಎದೆಗಿಟ್ಟು, ಓಣಿಯ ಮಂದಿಯೆಲ್ಲ ನೋಡುತ್ತಿದ್ದಂತೆ ಮೆಲ್ಲಗೆ ಹೇಳಿದರು: "ತಪ್ಪಾತ್ರೀ, ಅಪ್ಪಾ."

ಜಮಾದಾರ ಬಿಡಲಿಲ್ಲ.

"ಜೋರಾಗಿ ಅನ್ನೋ," ಎಂದರು ಗೋಪಿಕಾಬಾಯಿ. "ಅವರಿಗೆ ಕಿವಿ ಮಂದ."