ಎದ್ದುಹೋದವನ ಹಿಂದೆ ಪೊರಕೆ

ಕಣ್ಣಿಗೆ ಕಾಣುವ ಕೆಲಸವನ್ನು ಇಬ್ಬರು ಸೇರಿ ಮಾಡಬಹುದು, ಕಾಣದ ಕೆಲಸವನ್ನು ಮಾತ್ರ ಸೇರಿ ಮಾಡಬಾರದು ಎಂಬುದು ನನ್ನ ಈಚಿನ ಸಿದ್ಧಾಂತ. ಗೋಡೆ ಕಟ್ಟುವಾಗ ಜಗಳ ಬಂದರೆ ದಾರಿಯಲ್ಲಿ ಹೋಗುವವರು ನಿಂತು ನೋಡಿ, ಸೊಟ್ಟ ಯಾರದೆಂದು ಹೇಳಿ ಹೋಗುತ್ತಾರೆ. ಕಾಣದ ಕೆಲಸಕ್ಕೆ ಜಗಳ ಬಂದರೆ ಬಿಡಿಸಲು ಬಂದವರಿಗೆ ತಲೆಬುಡವೇ ತಿಳಿಯುವುದಿಲ್ಲ. ಇಬ್ಬರಿಗೂ ತಲೆ ಕೆಟ್ಟಿದೆ ಎಂದುಕೊಂಡು ಕಾಫಿ ಕೊಟ್ಟು ಒಳಗೆ ಹೋಗುತ್ತಾರೆ. ನನ್ನ ಹೆಂಡತಿ ನಾಗರತ್ನ ಎಷ್ಟೋ ಕಾಲ ಹಾಗೆಯೇ ಮಾಡಿಕೊಂಡು ಬಂದಿದ್ದಳು.

ನಾನು ಚಾಮರಾಜನಗರದಲ್ಲಿ ಕಂಪ್ಯೂಟರ್ ಪಾಠ ಹೇಳುವ ಮೇಷ್ಟ್ರು. ನಯಾಜ್ ಗುಂಡ್ಲುಪೇಟೆಯಲ್ಲಿ ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇಟ್ಟವನು, ಪಿಯುಸಿಯಲ್ಲಿ ನನ್ನ ಬೆಂಚಿನವನು. ನಾವಿಬ್ಬರೂ ಸೇರಿ ಹಳ್ಳಿ ಶಾಲೆಯ ಮಕ್ಕಳಿಗೆಂದು ಕನ್ನಡದಲ್ಲೇ ಬರೆಯಬಹುದಾದ ಪುಟ್ಟ ಪ್ರೋಗ್ರಾಮಿಂಗ್ ಭಾಷೆಯೊಂದನ್ನು ಮಾಡಿದ್ದೆವು. ಹೆಸರು ‘ಗೀಟು’. ‘ಮುಂದೆ ಹತ್ತು ಹೆಜ್ಜೆ ನಡೆ, ಬಲಕ್ಕೆ ತಿರುಗು’ ಎಂದು ಬರೆದರೆ ಪರದೆಯ ಮೇಲಿನ ಬಸವನಹುಳು ಹಾಗೇ ನಡೆದು ಹಿಂದೆ ಗೀಟು ಎಳೆಯುತ್ತದೆ. ಉಮ್ಮತ್ತೂರಿನ ನಮ್ಮ ಮಾವನವರಿಗೆ ಒಮ್ಮೆ ಇದನ್ನು ವಿವರಿಸಲು ಹೋಗಿದ್ದೆ. “ಗುಂಡ್ಲುಪೇಟೆ ಮಾರ್ಕೆಟ್ಟಲ್ಲಿ ಕನ್ನಡ, ತಮಿಳು, ಮಲಯಾಳ, ಉರ್ದು ನಾಕೂ ಅವೆ. ಅವು ಸಾಲ್ದು ಅಂತ ನೀವು ಇನ್ನೊಂದ ಮಾಡ್ತಿದ್ದೀರಾ? ಅದ್ನ ಮಾತಾಡೋರು ಯಾರು ಅಳಿಯಂದ್ರೇ?” ಎಂದರು. “ಬಸವನಹುಳು ಮಾವ” ಎಂದೆ. ಅವರು ಮತ್ತೆ ಆ ವಿಷಯ ಎತ್ತಲಿಲ್ಲ.

ತೊಂದರೆ ಶುರುವಾದದ್ದು ಆ ಹುಳುವಿನಿಂದಲೇ. ಹುಳು, ಗೀಟು ಎಂದು ಮಕ್ಕಳು ಬರೆಸುವ ಪ್ರತಿಯೊಂದು ವಸ್ತುವೂ ಕಂಪ್ಯೂಟರಿನೊಳಗೆ ಒಂದಿಷ್ಟು ಜಾಗ ಹಿಡಿಯುತ್ತದೆ. ಬಳಸಿಯಾದ ಮೇಲೆ ಅದನ್ನು ಗುಡಿಸಿ ಹೊರಹಾಕಬೇಕು. ಮೊದಲ ಆವೃತ್ತಿಯಲ್ಲಿ ಗುಡಿಸುವ ಭಾಗ ನನ್ನ ಕೈಯದು. ಜಾಗವೆಲ್ಲ ತುಂಬುವ ತನಕ ಕಾದು, ಎಲ್ಲ ಕೆಲಸ ನಿಲ್ಲಿಸಿ, ಒಂದೇ ಸಲ ಗುಡಿಸುತ್ತಿತ್ತು. ಆ ಹೊತ್ತಿನಲ್ಲಿ ಬಸವನಹುಳು ನಡುದಾರಿಯಲ್ಲಿ ನಿಂತುಬಿಡುತ್ತಿತ್ತು. ಮಕ್ಕಳು ಸತ್ತೇಹೋಯಿತೆಂದು ಕೀಬೋರ್ಡ್ ಗುದ್ದುತ್ತಿದ್ದರು. ಹರದನಹಳ್ಳಿ ಕಡೆಯ ಶಾಲೆಯೊಂದರ ಗೌರಿ ಟೀಚರ್ ಫೋನ್ ಮಾಡಿ, “ಸಾರ್, ಶನಿವಾರ ಮಕ್ಕಳ ಅಪ್ಪ ಅಮ್ಮ ಎಲ್ಲಾ ನೋಡಕೆ ಬರ್ತಾರೆ. ಅವತ್ತೂ ಹುಳ ನಿಂತ್ರೆ ಕಂಪ್ಯೂಟರ್ ಪೀರಿಯಡ್ಡೇ ಬೇಡ, ಆ ಹೊತ್ತಲ್ಲಿ ಲೆಕ್ಕ ಮಾಡ್ಸಿ ಅಂತ ಹೆಡ್‌ಮೇಷ್ಟ್ರು ಹೇಳ್ಬುಟ್ಟವ್ರೆ” ಎಂದರು. ಎರಡನೆಯ ಆವೃತ್ತಿಗೆ ಆಗಲೇ ಕೈ ಹಾಕಿದ್ದೆವು. ಹೊರಗಿನದು ಹಾಗೇ ಇರಲಿ, ಒಳಗಿನದೆಲ್ಲ ಹೊಸದಾಗಲಿ ಎಂದು ಮಾತಾಗಿತ್ತು. ಮಕ್ಕಳು ಬರೆದದ್ದನ್ನು ಓದಿಕೊಳ್ಳುವ ಭಾಗ ನನ್ನದು, ಅದನ್ನು ನಡೆಸುವ ಭಾಗ ನಯಾಜನದು. ಗುಡಿಸುವುದು ಎರಡರ ನಡುವೆ ಬರುತ್ತದೆ. ಹೊಲದ ಬದುವಿನಲ್ಲಿ ಹುಟ್ಟುವ ಜಗಳವೆಲ್ಲ ಅಲ್ಲಿ ಹುಟ್ಟಿತು.

ಸೋಮವಾರ ಸಂಜೆ ನಮ್ಮ ಮನೆಯಲ್ಲಿ, ಹುರಿದ ಕಡಲೇಕಾಯಿ ಬಿಡಿಸುತ್ತಾ ಕೂತಿದ್ದೆವು. ನಾಗರತ್ನ ತವರಿಗೆ ಹೋಗಿದ್ದಳು, ಬಸ್ಸಿಗೆ ಬರುವ ಹೊತ್ತಾಗಿತ್ತು. ನಯಾಜ್ ಹೇಳಿದ: “ಒಂದೊಂದು ವಸ್ತುನೂ ಇನ್ನೂ ಬೇಕು ಅಂತ ಎಷ್ಟ್ ಜನ ಇಡ್ಕಂಡವ್ರೆ ಅಂತ ಎಣಿಸ್ಕತಾ ಇರನ. ಕೊನೆಯವ್ನು ಕೈ ಬುಟ್ಟ ತಕ್ಷಣ ಗುಡಿಸ್ಬುಡನ. ಹುಳ ನಿಲ್ಲಾದೇ ಇಲ್ಲ.” ಹೆಜ್ಜೆ ಹೆಜ್ಜೆಗೂ ಎಣಿಸುತ್ತಾ ಕೂತರೆ ಹುಳು ನಿಧಾನವಾಗುತ್ತದೆ ಎಂದೆ ನಾನು. “ಬಸವನಹುಳ ಕಣ್ಲಾ ಅದು, ಚಿರತೆಯಲ್ಲ” ಎಂದ. ಮಾತು ಬೆಳೆಯಿತು. ನನ್ನ ಕೈಯಾರೆ ಮಾಡಿದ್ದನ್ನು ತೆಗೆದು ಬಿಸಾಕು ಎನ್ನುತ್ತಾನಲ್ಲ ಎಂದು ನನಗೆ ಮೈ ಉರಿಯುತ್ತಿತ್ತು. “ನಿಂಗೆ ಹುಳ ನಡೆಯಾದು ಬ್ಯಾಡ ಮಾದೇವ, ನಿನ್ ಮಾತು ನಡೀಬೇಕು” ಎಂದ. ನಾನು, “ಲ್ಯಾಪ್‌ಟಾಪ್ ರಿಪೇರಿ ಬೇರೆ, ಭಾಷೆ ಕಟ್ಟಾದು ಬೇರೆ ಕಣ್ಲಾ” ಎಂದುಬಿಟ್ಟೆ. ಅವನು ಕೈಯಲ್ಲಿದ್ದ ಕಡಲೇಕಾಯಿ ಕೆಳಗಿಟ್ಟ. ಲ್ಯಾಪ್‌ಟಾಪ್ ಮುಚ್ಚಿ ಬ್ಯಾಗಿಗೆ ಹಾಕಿಕೊಂಡು ಎದ್ದುಹೋದ.

ನೆಲದ ತುಂಬ ಸಿಪ್ಪೆ. ನಾಗರತ್ನ ಬಂದು ನೋಡಿದರೆ ಇನ್ನೊಂದು ಜಗಳ ಎಂದು ಪೊರಕೆ ತಂದು ಗುಡಿಸತೊಡಗಿದೆ. ಗೇಟಿನ ಸದ್ದಾಯಿತು. ತಲೆಯೆತ್ತಿದರೆ ಬಾಗಿಲಲ್ಲಿ ನಯಾಜ್. ಮರೆತ ಹೆಲ್ಮೆಟ್ಟಿಗಾಗಿ ವಾಪಸು ಬಂದಿದ್ದ. ನಮ್ಮ ಕಡೆ ಮನೆಯಿಂದ ಹೊರಟವರು ಊರು ದಾಟುವ ತನಕ ಪೊರಕೆ ಮುಟ್ಟುವುದಿಲ್ಲ. ಹೊರಟ ಬೆನ್ನಿಗೇ ಗುಡಿಸುವುದು ಹೆಣ ಎತ್ತಿದ ಮನೆಯಲ್ಲಿ ಮಾತ್ರ. ನಯಾಜನ ಮನೆಯಲ್ಲೂ ಇದೇ ರೂಢಿ. ಅವನ ತಾಯಿಯಂತೂ ಬೈಕು ತಿರುವು ದಾಟುವ ತನಕ ಯಾರಿಗೂ ಅಂಗಳ ಗುಡಿಸಲು ಬಿಡುವುದಿಲ್ಲ. “ನಾನಿನ್ನೂ ಗಾಡಿ ಸ್ಟಾರ್ಟ್ ಮಾಡಿಲ್ಲ, ಆಗ್ಲೇ ಪರಕೆ ಇಡ್ಕಂಡ್ಯಾ?” ಎಂದು ಮೆಲ್ಲಗೆ ಕೇಳಿದ. ಹೆಲ್ಮೆಟ್ ತೆಗೆದುಕೊಂಡು ಹೋದ. ನಾನು ಪೊರಕೆ ಹಿಡಿದುಕೊಂಡೇ ನಿಂತಿದ್ದೆ.

ಆಮೇಲೆ ಅವನು ನನ್ನ ಫೋನ್ ಎತ್ತಲಿಲ್ಲ. ಮಂಗಳವಾರ ಇಲ್ಲ, ಬುಧವಾರವೂ ಇಲ್ಲ. ಹುಳುವನ್ನು ನಡೆಸುವ ಭಾಗವೆಲ್ಲ ಅವನ ಲ್ಯಾಪ್‌ಟಾಪಿನಲ್ಲೇ ಇತ್ತು. ನನ್ನ ಹತ್ತಿರ ಇದ್ದದ್ದು ಮಕ್ಕಳ ಮಾತನ್ನು ಚೆನ್ನಾಗಿ ಕೇಳಿಸಿಕೊಂಡು ಏನೂ ಮಾಡದೆ ಕೂರುವ ಅರ್ಧ ಭಾಷೆ. ಗೌರಿ ಟೀಚರ್ ಫೋನ್ ಬಂದಾಗಲೆಲ್ಲ ‘ಆಗ್ತಾ ಇದೆ’ ಎಂದು ಹೇಳಿ ಇಟ್ಟುಬಿಡುತ್ತಿದ್ದೆ. ನಿಜ ಹೇಳಬೇಕೆಂದರೆ ಶಾಲೆಯ ಚಿಂತೆಗಿಂತ ದೊಡ್ಡ ಚಿಂತೆ ಬೇರೆಯೇ ಇತ್ತು. ನಯಾಜ್ ಇನ್ನು ನಮ್ಮ ಮನೆ ಮೆಟ್ಟಿಲು ಹತ್ತದಿದ್ದರೆ ಏನು ಗತಿ ಎಂದು ಅನ್ನ ಸೇರುತ್ತಿರಲಿಲ್ಲ. ನಾಗರತ್ನಳಿಗೆ ನಡೆದದ್ದನ್ನು ಹೇಳಿದೆ. “ಮದ್ವೆ ಆದಾಗಿಂದ ಒಂದಿನ ಪರಕೆ ಇಡೀರಿ ಅಂದ್ರೆ ಇಡೀಲಿಲ್ಲ ನೀವು. ಇಡ್ದಿದ್ದು ಇದೊಂದ್ಸಲ, ಅದೂ ಇಂಗೆ” ಎಂದಳು. ಗುರುವಾರ ರಜೆ ಹಾಕಿ ಗುಂಡ್ಲುಪೇಟೆ ಬಸ್ಸಿಗೆ ಹೊರಟಾಗ ಅವಳೂ ಸೆರಗು ಸರಿಮಾಡಿಕೊಂಡು ಬಂದಳು. “ನಿಮ್ಮೊಬ್ರನ್ನೇ ಕಳಿಸಿದ್ರೆ ಅಲ್ಲೂ ಏನಾದ್ರೂ ಗುಡಿಸ್ಬುಡ್ತೀರ.”

ಅಂಗಡಿಯಲ್ಲಿ ನಯಾಜ್ ಯಾವುದೋ ಚಾರ್ಜರಿನ ವೈರು ಬೆಸೆಯುತ್ತಿದ್ದ. “ಬನ್ನಿ ಅಕ್ಕ, ಕೂತ್ಕಳಿ” ಎಂದು ನಾಗರತ್ನಳಿಗೆ ಸ್ಟೂಲು ಎಳೆದುಕೊಟ್ಟ. ನನ್ನ ಕಡೆ ತಿರುಗಲೂ ಇಲ್ಲ. ನಾನು ಗಿರಾಕಿಗಳ ಜೊತೆ ನಿಂತೆ. ಅವರೆಲ್ಲ ಹೋದ ಮೇಲೆ, “ಪರಕೆ ಸಿಪ್ಪೆಗೆ ಇಡ್ದಿದ್ದು ಕಣ್ಲಾ, ನಿಂಗಲ್ಲ. ರಿಪೇರಿ ಅಂದಿದ್ದು ಮಾತ್ರ ನಿಂಗೇ ಅಂದಿದ್ದು. ಅದು ತಪ್ಪಾಯ್ತು” ಎಂದೆ. ಅವನು ಚಾರ್ಜರಿನ ಇನ್ನೊಂದು ವೈರು ಬೆಸೆಯತೊಡಗಿದ. ನಾನು ಬಸ್ ಸ್ಟ್ಯಾಂಡಿಗೆ ಹೊರಡಬೇಕೇನೋ ಎಂದುಕೊಳ್ಳುತ್ತಿರುವಾಗ ತನ್ನ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದ.

“ಪರಕೆ ಕ್ವಾಪ ಮಂಗಳವಾರವೇ ಓಯ್ತು. ಇದ್ಕೆ ಫೋನ್ ಎತ್ತಲಿಲ್ಲ” ಎಂದ. ತನ್ನ ರೀತಿಯಲ್ಲೇ ಗುಡಿಸುವುದನ್ನು ಮಾಡಿ ಮುಗಿಸಿದ್ದ. ಹುಳು ಒಂದು ಕಡೆಯೂ ನಿಲ್ಲುತ್ತಿರಲಿಲ್ಲ. ಆದರೆ ಗೌರಿ ಟೀಚರ ಶಾಲೆಯ ಹುಡುಗಿಯೊಬ್ಬಳು ಬರೆದ ಪ್ರೋಗ್ರಾಮಿನಲ್ಲಿ ಎರಡು ಹುಳುಗಳಿದ್ದವು, ಇದರ ಹಿಂದೆ ಅದು, ಅದರ ಹಿಂದೆ ಇದು. “ಎರಡ್ನೂ ಅಳಿಸಾಕಿದ್ರೂ ಒಳಗೆ ಅಂಗೇ ಕುಂತವೆ. ಇದ್ನ ಅದು ಇಡ್ಕಂಡದೆ, ಅದ್ನ ಇದು ಇಡ್ಕಂಡದೆ. ಎಣಿಸಿದ್ರೆ ಎರಡಕ್ಕೂ ಒಬ್ರು ಅವ್ರೆ ಅಂತ್ಲೇ ಬತ್ತದೆ. ಅದ್ಕೆ ನನ್ ಪರಕೆ ಮುಟ್ಟಾಕಿಲ್ಲ. ನಿಂಗೇಳಿದ್ರೆ ಗೆದ್ದೆ ಅಂತ ಕುಣೀತಿದ್ದೆ.” ಕುಣಿಯಲಿಲ್ಲ. ದಿನದ ಕಸಕ್ಕೆ ಅವನ ಪೊರಕೆಯೇ ಇರಲಿ, ಇಂಥ ಜೋಡಿಗಳನ್ನು ಹುಡುಕಲು ಮಾತ್ರ ಹುಳು ಒಂದು ಚಿತ್ರ ಮುಗಿಸಿ ಇನ್ನೊಂದು ಶುರುಮಾಡುವ ನಡುವೆ ನನ್ನದು ಓಡಲಿ ಎಂದೆ. “ಅಂಗೇ ಮಾಡನ” ಎಂದ. ಶನಿವಾರ ಹುಳು ಎಲ್ಲೂ ನಿಲ್ಲಲಿಲ್ಲ, ಕಂಪ್ಯೂಟರ್ ಪೀರಿಯಡ್ ಉಳಿಯಿತು ಎಂದು ಈಗಲೇ ಹೇಳಿಬಿಡುತ್ತೇನೆ.

ಆವತ್ತು ಅಂಗಡಿಯಲ್ಲಿ ನಾಗರತ್ನ ಎಲ್ಲವನ್ನೂ ಕೇಳಿಸಿಕೊಂಡು ಕೂತಿದ್ದಳು. “ಅಂದ್ರೆ ನಯಾಜಣ್ಣ, ಹೊರಗ್ನೋರ್ ಯಾರ್ಗೂ ಬ್ಯಾಡ, ಆದ್ರೆ ಒಂದ್ನೊಂದು ಬುಡಾಕಿಲ್ಲ, ಸುಮ್ನೆ ಜಾಗ ತುಂಬ್ಕಂಡು ಕುಂತಿರ್ತವೆ. ಅಷ್ಟೇ ತಾನೆ?” ಎಂದು ಕೇಳಿದಳು.

“ಅಷ್ಟೇ ಅಕ್ಕ.”

“ಇದ್ನ ಕಂಡಿಡಿಯಾಕೆ ಇಷ್ಟೆಲ್ಲಾ ಬೇಕಾಯ್ತಾ? ನಮ್ಮನೆ ನಡುಮನೇಲೇ ಕುಂತಿರ್ತವಲ್ಲ ಎರಡು.”

ನಯಾಜ್ ಬೆಸುಗೆ ಕಡ್ಡಿ ಕೆಳಗಿಟ್ಟು ನಕ್ಕ. ನಾನು ಅವನಿಗಿಂತ ಜೋರಾಗಿ ನಕ್ಕೆ. ಎರಡರಲ್ಲಿ ಒಂದೇ ಉಳಿಯುತ್ತದೇನೋ ಎಂದು ಸೋಮವಾರದಿಂದ ಹೆದರಿದ್ದವನು ನಾನು.