ಎರಡನೆಯ ತಟ್ಟೆಯಲ್ಲಿ ಬದುಕಿದವರು

ನಾನು ನಿಂತಿದ್ದದ್ದು ಸಕಲೇಶಪುರದ ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ, ಕೈ ತೊಳೆಯುವ ತೊಟ್ಟಿಯ ಎಡಕ್ಕೆ, ಬಾಗಿಲಿಗೆ ಬೆನ್ನು ಮಾಡಿ. ತೊಂಬತ್ತರ ದಶಕದ ಕೊನೆಯ ಒಂದು ಜನವರಿ ಬೆಳಿಗ್ಗೆ. ಕಾಫಿ ಕೊಯ್ಲಿನ ಕಾಲ. ಬಾಗಿಲ ವಿಚಾರ ಯಾಕೆ ಹೇಳಿದೆನೆಂದರೆ, ಓಡಿಹೋಗಬೇಕೆನಿಸಿದಾಗ ದಾರಿ ಹತ್ತಿರವೇ ಇತ್ತು, ಕಾಲು ಮಾತ್ರ ಏಳಲಿಲ್ಲ.

ನಾನಾಗ ಸೂಕ್ಷ್ಮಜೀವಿಶಾಸ್ತ್ರದ ತಾತ್ಕಾಲಿಕ ಉಪನ್ಯಾಸಕ. ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷರು ಬಿಸಿಲೆ ಕಡೆಯ ದೊಡ್ಡ ಎಸ್ಟೇಟಿನ ಗೌಡರು. ಹೊಸದಾಗಿ ತರಿಸಿದ ಅತಿನೇರಳೆ ದೀಪಕ್ಕೆ ಕ್ರಿಮಿಗಳು ಸಾಯುವುದನ್ನು ಕಣ್ಣಾರೆ ತೋರಿಸಿದರೆ ನೀರಿನ ಟ್ಯಾಂಕಿಗೂ ಒಂದು ದೀಪ, ನನಗೂ ಕಾಯಂ ಕೆಲಸ ಎಂದಿದ್ದರು. ಬುದ್ಧಿ ಇದ್ದವನು ಕ್ರಿಮಿ ಹಚ್ಚಿದ ಒಂದೇ ತಟ್ಟೆ ತೋರಿಸಿ ಸುಮ್ಮನಾಗುತ್ತಿದ್ದ. ನಾನು ಓದಿದವನು, ಎರಡು ಇಟ್ಟೆ.

ಎರಡರಲ್ಲೂ ಒಂದೇ ಜಾತಿಯ ಬ್ಯಾಕ್ಟೀರಿಯ. ಎರಡನೆಯದರಲ್ಲಿದ್ದವಕ್ಕೆ ಮಾತ್ರ, ಮೈಸೂರಿನ ಗೆಳೆಯನ ಕೃಪೆಯಿಂದ, ಒಂದು ಪ್ಲಾಸ್ಮಿಡ್ ಇತ್ತು. ಪ್ಲಾಸ್ಮಿಡ್ ಎಂದರೆ ಜೀವಿಯ ಮುಖ್ಯ ವರ್ಣತಂತುವಿನಿಂದ ಬೇರೆಯಾಗಿ ಇರುವ ಡಿಎನ್ಎಯ ಪುಟ್ಟ ಉಂಗುರ. ಜೀಪಿನ ಸೀಟಿನಡಿಯ ರಿಪೇರಿ ಚೀಲವಿದ್ದಂತೆ. ಅತಿನೇರಳೆ ಬೆಳಕು ಬಿದ್ದರೆ ಡಿಎನ್ಎಯ ಅಕ್ಕಪಕ್ಕದ ಅಕ್ಷರಗಳು ಅಂಟಿಕೊಳ್ಳುತ್ತವೆ, ನಕಲು ಮಾಡುವ ಯಂತ್ರ ಅಲ್ಲೇ ನಿಂತು ಜೀವಿ ಸಾಯುತ್ತದೆ. ನನ್ನ ಪ್ಲಾಸ್ಮಿಡ್ಡಿನ ಚೀಲದಲ್ಲಿದ್ದ ಉಪಕರಣಕ್ಕೆ ಇಂಥ ಮಡಿವಂತಿಕೆ ಇಲ್ಲ. ಓದಲಾಗದ ಕಡೆ ಕೈಗೆ ಸಿಕ್ಕಿದ ಅಕ್ಷರ ಹಾಕಿ ಮುಂದೆ ಹೋಗುತ್ತದೆ. ಬರಹ ಅಲ್ಲಲ್ಲಿ ತಪ್ಪಾಗುತ್ತದೆ, ಜೀವ ಉಳಿಯುತ್ತದೆ.

ಹಿಂದಿನ ದಿನವೇ ಎರಡಕ್ಕೂ ಬೆಳಕು ಹಿಡಿದಿದ್ದೆ. ಆ ಬೆಳಿಗ್ಗೆ ಗೌಡರ ಮುಂದೆ ಮುಚ್ಚಳ ತೆಗೆದೆ. ಮೊದಲನೆಯದು ಖಾಲಿ. ಎರಡನೆಯದರಲ್ಲಿ ರವೆ ಚೆಲ್ಲಿದ ಹಾಗೆ ಕ್ರಿಮಿಗಳ ಗುಂಪುಗಳು. ಗೌಡರು ಮೊದಲನೆಯದನ್ನು ನೋಡಲೇ ಇಲ್ಲ.

"ಏನ್ರೀ ಮೇಷ್ಟ್ರೇ, ಇವು ಬದುಕ್ಬುಟ್ಟವಲ್ಲ?"

ಪಕ್ಕದಲ್ಲಿದ್ದ ಅಟೆಂಡರ್ ಜವರಯ್ಯ, ಮೇಷ್ಟ್ರು ಚೆನ್ನಾಗಿ ಸಾಕವ್ರೆ ಎಂದ. ನನ್ನ ಕಾಯಂ ಕೆಲಸ ತೊಟ್ಟಿಯ ತೂತಿನಲ್ಲಿ ಇಳಿದುಹೋಗುವ ಸದ್ದು ನನಗೆ ಕೇಳಿಸಿತು. ಕಿಟಕಿಯಾಚೆ ನಿಂತಿದ್ದ ಗೌಡರ ಜೀಪನ್ನು ತೋರಿಸಿದೆ. ಅವರ ಡ್ರೈವರು ತಂತಿ ಕಟ್ಟಿ ರಿಪೇರಿ ಮಾಡಿದಾಗಿನಿಂದ ಅದರ ಬ್ರೇಕು ಒತ್ತಿದರೆ ಹಾರನ್ ಆಗುತ್ತಿತ್ತು. ಇವೂ ಹಾಗೇ ಸರ್, ತಪ್ಪು ತಪ್ಪಾಗಿ ರಿಪೇರಿಯಾಗಿವೆ, ಆದರೆ ಓಡುತ್ತವೆ ಎಂದೆ. ಎಷ್ಟೋ ಪ್ಲಾಸ್ಮಿಡ್ಡುಗಳನ್ನು ಕ್ರಿಮಿಗಳು ಒಂದಕ್ಕೊಂದು, ಕೆಲವೊಮ್ಮೆ ಬೇರೆ ಜಾತಿಯವಕ್ಕೂ, ದಾಟಿಸುತ್ತವೆ ಎಂದೂ ಸೇರಿಸಿದೆ.

ಗೌಡರು ತಟ್ಟೆಯ ಮೇಲೆ ಬಾಗಿದರು. "ಬೇರೆ ಜಾತಿಗೂ ಕೊಡ್ತವಾ? ನಮ್ಮಣ್ಣ ಮಳೆಗಾಲಕ್ಕೆ ಮುಂಚೆ ತೋಟಕ್ಕೆ ಮದ್ದು ಹೊಡೆಯೋ ಸ್ಪ್ರೇಯರ್ ಒಂದು ದಿನಕ್ಕೂ ಕೊಡಲ್ಲ ಮಾರಾಯ."

ಟ್ಯಾಂಕಿಗೆ ದೀಪ ಬೇಡ, ನೀರು ಕುದಿಸಿ ಕುಡೀಲಿ ಎಂದು ಅಪ್ಪಣೆಯಾಯಿತು. ನನ್ನ ವಿಚಾರಕ್ಕೆ ಬಂದಾಗ, ಗೌಡರ ಹಿಂದೆ ನಿಂತಿದ್ದ ನಮ್ಮ ಪ್ರಿನ್ಸಿಪಾಲರು, ಸೂಕ್ಷ್ಮಜೀವಿಶಾಸ್ತ್ರಕ್ಕೆ ಕಾಯಂ ಹುದ್ದೆಯೇ ಇಲ್ಲ ಎಂದು ಮೆಲ್ಲಗೆ ನೆನಪಿಸಿದರು. ಗೌಡರು ಯಾವುದು ಖಾಲಿ ಐತೆ ಎಂದು ಕೇಳಿದರು. ಸಸ್ಯಶಾಸ್ತ್ರ ಎಂದರು.

"ಅಲ್ಲೇ ಹಾಕ್ರಿ. ಓಡ್ತಾರೆ."

ಅಂದಿನಿಂದ ಸಸ್ಯಶಾಸ್ತ್ರ ಹೇಳುತ್ತಿದ್ದೇನೆ. ಎರಡು ಬಗೆಯ ಜರೀಗಿಡಗಳನ್ನು ಪಕ್ಕಪಕ್ಕ ಇಟ್ಟರೆ ಈಗಲೂ ಗುರುತು ಸಿಗುವುದಿಲ್ಲ.

ಆ ಬೆಳಿಗ್ಗೆ ಆ ತಟ್ಟೆಗಳನ್ನು ಕಂಡ ಗೌಡರೂ ಪ್ರಿನ್ಸಿಪಾಲರೂ ತೀರಿಕೊಂಡರು. ಎರಡನೆಯ ತಟ್ಟೆಯವರನ್ನು ಅಂದೇ ಸಂಜೆ ಕುಕ್ಕರಿನಲ್ಲಿ ಬೇಯಿಸಿದೆ. ಆ ಬಿಸಿಯಿಂದ ಉಳಿಸುವ ಉಪಕರಣ ಅವರ ಚೀಲದಲ್ಲಿರಲಿಲ್ಲ. ಈಗ ಬದುಕಿರುವ ಸಾಕ್ಷಿ ಮಗ್ಗೆ ಊರಿನಲ್ಲಿರುವ ಜವರಯ್ಯ ಒಬ್ಬನೇ. ರಿಪೇರಿಯಾಗಿ ಉಳಿದ ನನ್ನನ್ನು ಲೆಕ್ಕಕ್ಕೆ ಹಿಡಿದರೆ, ಇಬ್ಬರು.